ಹ್ಯಾಂಡಲ್ ಸಡಿಲ ಬಿಟ್ಟ ಭಾನುವಾರಗಳು

ದಾವಣಗೆರೆಯ ಒಂದು ದಲಾಲಿ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಫೋನು ಕೆಳಗಿಡೋಕೆ ಆಗುವುದಿಲ್ಲ. ರೇಟು ಎಷ್ಟು, ತೇವ ಎಷ್ಟು, ಚೀಲ ಎಷ್ಟು, ಹಮಾಲಿ ಎಷ್ಟು. ರಾತ್ರಿ ಮಲಗಿದ ಮೇಲೂ ತಲೆಯೊಳಗೆ ಕೂಡುವುದು ಕಳೆಯುವುದು ನಿಲ್ಲುತ್ತಿರಲಿಲ್ಲ. ಯಾರೋ ಹೇಳಿದರೆಂದು ಧ್ಯಾನಕ್ಕೆ ಕೂತೆ. ಕಣ್ಣು ಮುಚ್ಚಿದರೆ ಮೊದಲು ಕಾಣುತ್ತಿದ್ದದ್ದೇ ಖಾತೆ ಪುಸ್ತಕ. ಹದಿನೈದು ದಿನಕ್ಕೆ ಬಿಟ್ಟೆ.

ಆಮೇಲೆ ಸಿಕ್ಕಿದ್ದು ಸೋದರಮಾವನ ಯೆಜ್ಡಿ ಬೈಕು. 1988ರ ರೋಡ್‌ಕಿಂಗ್, 250 ಸಿಸಿ, ಎರಡು ಸೈಲೆನ್ಸರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಗಾಡಿ ಮಾತ್ರ ಮಾವನ ಹಿತ್ತಲಲ್ಲಿ ಗೋಣಿಚೀಲ ಹೊದ್ದುಕೊಂಡು ಕೂತಿತ್ತು. "ನೀನೇ ಒಯ್ಯೋ ಮಾರಾಯ, ಕೋಳಿ ಮೊಟ್ಟೆ ಇಡಾಕ ಹತ್ಯಾವೆ ಅದರ ಮೇಲೆ" ಅಂದರು ಮಾವ.

ಯೆಜ್ಡಿ ಓಡಿಸಿಲ್ಲದವರಿಗೆ ಒಂದು ಮಾತು. ಎಡಗಡೆ ಒಂದೇ ಲಿವರ್ ಇರುತ್ತದೆ. ಒಳಗೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್. ವಾಪಸ್ ಮುಂದಕ್ಕೆ ತಂದರೆ ಅದೇ ಗೇರ್. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೇ ಆಯಿಲ್ ಕಲಸಬೇಕು. ನಾನು ಲೀಟರಿಗೆ 40 ಎಂಎಲ್ ಹಾಕುತ್ತೇನೆ. ಹೆಡ್‌ಲೈಟ್ ಬೆಳಕು ಎಣ್ಣೆ ದೀಪಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಹಾಗಾಗಿ ಕತ್ತಲಲ್ಲಿ ಹೊರಡುವುದಿಲ್ಲ. ರಸ್ತೆಯ ಬಿಳಿ ಪಟ್ಟೆ ಬರಿಗಣ್ಣಿಗೆ ಕಂಡ ಮೇಲೆಯೇ ಕಿಕ್.

ನನ್ನ ದಾರಿ ದೊಡ್ಡದೇನಲ್ಲ. ಭಾನುವಾರ ಬೆಳಿಗ್ಗೆ ದಾವಣಗೆರೆ ಬಿಟ್ಟು ಆನಗೋಡು, ಭರಮಸಾಗರ ದಾಟಿ ಚಿತ್ರದುರ್ಗ. ಸುಮಾರು 60 ಕಿಲೋಮೀಟರ್. ಲಡಾಖಿಗೆ ಹೋಗಿ ಬಂದವರು ಇದನ್ನು ಕೇಳಿ ನಗಬಹುದು. ನಗಲಿ. ಫೋನು ಸ್ವಿಚ್ ಆಫ್ ಮಾಡಿ ಸೀಟಿನ ಪಕ್ಕದ ಚೀಲದಲ್ಲಿ ಹಾಕುತ್ತೇನೆ. ಸ್ಪೀಡು 50, ಹೆಚ್ಚೆಂದರೆ 55. ಹಿಂದೆ ಯಾರನ್ನೂ ಕೂರಿಸುವುದಿಲ್ಲ. "ದೇವಸ್ಥಾನಕ್ಕೆ ಕರೆದ್ರೆ ಮಂಡಿನೋವು, ಗಾಡಿ ಅಂದ್ರೆ ಐದಕ್ಕೇ ಎದ್ದಿರ್ತೀರಿ" ಅಂತ ಮನೆಯವಳು ಗೊಣಗುತ್ತಾಳೆ. ನಿಜವೇ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಮೊದಲ ಕೆಲವು ವಾರ ನೆಮ್ಮದಿ ಗಿಮ್ಮದಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಭುಜ ನೋವು, ಬೆರಳು ಜೋಮು. ತಿರುವು ಸಿಕ್ಕಿದ್ದು ಒಂದು ಆಷಾಢದಲ್ಲಿ.

ದುರ್ಗದ ಗಾಳಿ ಗೊತ್ತಿದ್ದವರಿಗೆ ಗೊತ್ತು. ಆ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ನಮ್ಮ ಕಡೆಯಿಂದ ಹೋಗುವಾಗ ಮುಂಗಾರಿನ ಗಾಳಿ ಬಲಗಡೆಯಿಂದ ಬಂದು ತಳ್ಳುತ್ತದೆ. ಲಾರಿ ದಾಟುವಾಗ ಅದರ ಮರೆಯಲ್ಲಿ ಒಂದು ಕ್ಷಣ ಗಾಳಿ ಸತ್ತುಹೋಗುತ್ತದೆ. ಲಾರಿ ಮುಂದೆ ಹೋದ ಕೂಡಲೇ ಕೆನ್ನೆಗೆ ಬಾರಿಸಿದ ಹಾಗೆ ಮತ್ತೆ ಬರುತ್ತದೆ. ಅವತ್ತು ಭರಮಸಾಗರ ದಾಟಿದ ಮೇಲೆ ಗಾಡಿ ಹಾವಿನಂತೆ ಹೊರಳತೊಡಗಿತು. ನಾನು ಹ್ಯಾಂಡಲ್ಲನ್ನು ಇನ್ನೂ ಬಿಗಿ ಹಿಡಿದೆ. ಅದು ಇನ್ನೂ ಹೊರಳಿತು. ಎದೆ ಹೊಡೆದುಕೊಂಡು ರಸ್ತೆ ಪಕ್ಕ ನಿಲ್ಲಿಸಿ, ಅಲ್ಲಿಂದಲೇ ವಾಪಸ್ ಬಂದೆ.

ಗ್ಯಾರೇಜಿನ ಚಾಚಾ ಟಯರು, ಬೇರಿಂಗು ಎಲ್ಲ ನೋಡಿದರು. ಆಮೇಲೆ ನನ್ನನ್ನು ಸೀಟಿನ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿ ಅಂದರು. ನನ್ನ ಮೊಣಕೈಗೆ ಒಂದು ಏಟು ಕೊಟ್ಟರು. ಇಡೀ ಗಾಡಿ ಅಲುಗಿತು. "ನೋಡ್ರೀ ಸಾಹುಕಾರ್ರೇ, ಗಾಳಿ ಗಾಡೀಗೆ ಹೊಡಿತಿಲ್ಲ, ನಿಮಗೆ ಹೊಡಿತೈತಿ. ನೀವು ಅದನ್ನ ಹ್ಯಾಂಡಲ್‌ಗೆ ಕೊಡ್ತೀರಿ. ಟ್ಯಾಂಕನ್ನ ಮೊಣಕಾಲಲ್ಲಿ ಹಿಡೀರಿ. ಕೈ ಸಡಿಲ ಬಿಡ್ರಿ. ಗಾಡೀಗೆ ನೆಟ್ಟಗೆ ಹೋಗೋದು ಗೊತ್ತೈತಿ."

ಮುಂದಿನ ಭಾನುವಾರ ಅದೇ ಜಾಗ, ಅದೇ ಗಾಳಿ. ಮೊಣಕಾಲು ಟ್ಯಾಂಕಿಗೆ ಒತ್ತಿದೆ. ಬೆರಳು ಸಡಿಲ ಬಿಟ್ಟೆ, ಮೊಣಕೈ ಇಳಿಬಿಟ್ಟೆ. ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಗಾಳಿ ಬಂದು ಗುದ್ದಿತು. ಗಾಡಿ ಒಂದು ಸಲ ಅಲುಗಿ, ತಾನೇ ಬಲಕ್ಕೆ ಸ್ವಲ್ಪ ವಾಲಿ, ಹಾಗೇ ನೆಟ್ಟಗೆ ಹೋಯಿತು. ಓರೆಯಾಗಿ ವಾಲಿಕೊಂಡೇ ನೇರ ಹೋಗುವುದು ಎಂಥ ವಿಚಿತ್ರ ಸುಖ ಅಂತ ಹೇಳೋದು ಕಷ್ಟ. ಎಷ್ಟು ಹೊತ್ತು ಹಾಗೆ ಹೋದೆನೋ. ಕಣ್ಣೆದುರು ಗುಡ್ಡದ ಮೇಲಿನ ರೆಕ್ಕೆಗಳು ತಿರುಗುತ್ತಿದ್ದವು. ದುರ್ಗದ ಬಂಡೆಗಳು ಕಂಡಾಗ ಗೊತ್ತಾಯಿತು, ಇಷ್ಟು ಹೊತ್ತು ಒಂದೇ ಒಂದು ಚೀಲದ ಲೆಕ್ಕವನ್ನೂ ಹಾಕಿರಲಿಲ್ಲ.

ಇನ್ನೊಂದು ನಾನೇ ಬಿದ್ದು ಕಲಿತದ್ದು. ಗುಂಡಿಯನ್ನೇ ನೋಡುತ್ತಾ ಹೋದರೆ ಚಕ್ರ ಗುಂಡಿಗೇ ಹೋಗುತ್ತದೆ. ಪಕ್ಕದ ಒಳ್ಳೆ ರಸ್ತೆ ನೋಡಬೇಕು. ಇಷ್ಟು ಸುಲಭ. ಆದರೂ ಮೊಣಕಾಲಿನ ಚರ್ಮ ಕೊಟ್ಟೇ ಕಲಿತೆ.

ದುರ್ಗದಲ್ಲಿ ಕೋಟೆ ಹತ್ತುವುದಿಲ್ಲ, ಅಲ್ಲಿ ಭಾನುವಾರ ಜಾತ್ರೆ. ಚಂದ್ರವಳ್ಳಿಗೆ ಹೋಗುತ್ತೇನೆ. ಕೆರೆ, ಬಂಡೆ, ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ. ಸಾವಿರದ ಆರುನೂರು ವರ್ಷದ ಹಿಂದೆ ಕೆರೆ ಕಟ್ಟಿಸಿದ ವಿಷಯ ಅದರಲ್ಲಿದೆ. ಅಲ್ಲೇ ಅಂಕಲಿ ಮಠದ ಗುಹೆ. ಬಗ್ಗಿಕೊಂಡು ಇಳಿದರೆ ಒಳಗೆ ಕೋಣೆಗಳು. ಸನ್ಯಾಸಿಗಳು ಧ್ಯಾನಕ್ಕೆ ಕೂರುತ್ತಿದ್ದ ಜಾಗ ಎನ್ನುತ್ತಾರೆ. ಒಂದು ಸಲ ದಾರಿ ತೋರಿಸುವವರಿಗೆ ಟಾರ್ಚ್ ಆರಿಸಿ ಅಂದೆ. ಕಡುಗತ್ತಲು. ಕಿವಿಯಲ್ಲಿ ಮಾತ್ರ ಯೆಜ್ಡಿಯ ಡುಬುಡುಬು ಇನ್ನೂ ಹೊಡೆದುಕೊಳ್ಳುತ್ತಿತ್ತು. ಅದೇ ಸದ್ದು ಹಿಡಿದು ಕೂತೆ. ಅದು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಆಮೇಲೆ ಎಲ್ಲಿ ನಿಂತಿತೋ ತಿಳಿಯಲಿಲ್ಲ. "ಸಾರ್, ಇದ್ದೀರಾ?" ಅಂತ ಅವರು ಟಾರ್ಚ್ ಹಾಕಿದಾಗಲೇ ಎಚ್ಚರ. ಮನೆಯಲ್ಲಿ ಚಾಪೆ ಹಾಕಿ ಕೂತಾಗ ಆಗದಿದ್ದದ್ದು ಅಲ್ಲಿ ಆಯಿತು. ಇದನ್ನು ಅಧ್ಯಾತ್ಮ ಅನ್ನಬೇಕೋ, ಸುಸ್ತು ಅನ್ನಬೇಕೋ, ನೀವೇ ಹೇಳಿ.

ಸೈಲೆನ್ಸರ್ ಒಳಗಿನ ಜಾಲರಿ ಕಿತ್ತು ಗುಂಪು ಕಟ್ಟಿಕೊಂಡು ಬರುವ ಹುಡುಗರನ್ನು ನೋಡಿದರೆ ನನಗೆ ಪಾಪ ಅನಿಸುತ್ತದೆ. ಅಷ್ಟು ಸದ್ದಿನಲ್ಲಿ ಎಂಜಿನ್ ಏನು ಹೇಳುತ್ತಿದೆ ಅಂತ ಹೇಗೆ ಕೇಳಿಸೀತು? ಹಾಗಂತ ನನಗೇನು ಯಾವಾಗಲೂ ಕೇಳಿಸುತ್ತದೆ ಅಂತಲ್ಲ. ಒಮ್ಮೆ ಹೊಳಲ್ಕೆರೆ ಕಡೆಯಿಂದ ಸುತ್ತಿಕೊಂಡು ವಾಪಸಾಗುತ್ತಿದ್ದೆ. ಅಡಿಕೆ ತೋಟದ ತಂಪು, ಉದ್ದ ಇಳಿಜಾರು. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಹಾಯಾಗಿ ಜಾರುತ್ತಿದ್ದೆ. ಎಂಜಿನ್ನಿನ ಸ್ವರ ಒಣಗಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹಿಂದಿನ ಚಕ್ರ ಕಿರ್ರೆಂದು ಕಚ್ಚಿಕೊಂಡಿತು. ಕ್ಲಚ್ ಹಿಡಿದದ್ದರಿಂದ ಬದುಕಿದೆ. ಪಿಸ್ಟನ್ ಜಾಮ್. ಇಂಥ ಗಾಡಿಯಲ್ಲಿ ಪೆಟ್ರೋಲು ಹೋದರಷ್ಟೇ ಆಯಿಲ್ಲೂ ಹೋಗುತ್ತದೆ. ಆಕ್ಸಿಲರೇಟರ್ ಮುಚ್ಚಿ ಎಂಜಿನ್ ತಿರುಗಿಸುತ್ತಾ ಇಳಿದರೆ ಪಿಸ್ಟನ್ ಒಣಗುತ್ತದೆ. ಇಳಿಜಾರಲ್ಲೂ ಆಗಾಗ ಒಂಚೂರು ತಿರುವಿ ಕೊಡುತ್ತಿರಬೇಕು.

ಹುಣಸೆ ಮರದ ಕೆಳಗೆ ಮುಕ್ಕಾಲು ಗಂಟೆ ಕೂತೆ. ಎಂಜಿನ್ ಆರಿದ ಮೇಲೆ ಕಿಕ್ಕರ್ ಇಳಿಯಿತು. 30ರ ಮೇಲೆ ಹೋಗದೆ ಊರು ಸೇರಿದೆ. ಚಾಚಾ ಪಿಸ್ಟನ್ ತೆಗೆದು ಗೀರು ತೋರಿಸಿದರು. "ಕೈ ಸಡಿಲ ಬಿಡ್ರಿ ಅಂದಿದ್ದೆ, ಪೂರ್ತಿ ಬಿಟ್ಟೇಬಿಡ್ರಿ ಅಂದಿದ್ನಾ?"

ಈಗ ಮತ್ತೆ ಆಷಾಢ. ಶನಿವಾರ ಸಂಜೆಯೇ ಪೆಟ್ರೋಲ್ ಹಾಕಿಸಿ, ಆಯಿಲ್ ಕಲಸಿ, ಪ್ಲಗ್ ಉಜ್ಜಿ ಇಟ್ಟಿದ್ದೆ. ಮನೆಯವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಆ ಗುಹೆ ತಂಪಿರ್ತದೇನ್ರೀ?" ಅಂದಳು. ಹೂಂ ಅಂದೆ. "ಹಂಗಾದ್ರೆ ನಾಳೆ ನಾನೂ ಬರ್ತೀನಿ."

ಸ್ಪ್ಯಾನರ್ ತಗೊಂಡು ಹಿಂದಿನ ಫುಟ್‌ರೆಸ್ಟಿನ ನಟ್ಟು ಬಿಗಿ ಮಾಡಿದೆ.