ವೋಲ್ಟ್, ಆಂಪಿಯರ್ ಗೊತ್ತಿದ್ದರೆ ಸಾಕು: ಓಮ್, ವ್ಯಾಟ್ ಲೆಕ್ಕ ಹಾಕುವುದು ಹೀಗೆ

ನಮ್ಮ ಮನೆಯ ಹೀಟರ್ ಕಾಯಿಲ್‌ನ ಪ್ಲಗ್ಗಿನಿಂದ ಒಂದು ಬೆಳಿಗ್ಗೆ ಸುಟ್ಟ ವಾಸನೆ ಬಂತು. ಕಿತ್ತು ನೋಡಿದರೆ ಒಂದು ಪಿನ್ ಕಪ್ಪಾಗಿದೆ. ಅದರ ಬುಡದ ಪ್ಲಾಸ್ಟಿಕ್ ಕರಗಿ ಗುಳಿ ಬಿದ್ದಿದೆ. ಪಕ್ಕದ ಪಿನ್ನು ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಎರಡರಲ್ಲೂ ಹರಿದದ್ದು ಒಂದೇ ಕರೆಂಟ್. ಮತ್ತೆ ಒಂದೇ ಯಾಕೆ ಸುಟ್ಟಿತು? ಉತ್ತರ ಹೈಸ್ಕೂಲಿನಲ್ಲಿ ಕಲಿತ ಎರಡು ಲೆಕ್ಕಗಳಲ್ಲೇ ಇದೆ.

ಮೊದಲು ಪದಗಳು. 'ಕರೆಂಟ್ ಹೋಯ್ತು' ಅನ್ನುವಾಗ ನಾವು ಒಟ್ಟಾರೆ ವಿದ್ಯುತ್ತಿನ ಬಗ್ಗೆ ಹೇಳುತ್ತೇವೆ. ಇಲ್ಲಿ ಕರೆಂಟ್ ಎಂದರೆ ತಂತಿಯಲ್ಲಿ ಎಷ್ಟು ಹರಿಯುತ್ತಿದೆ ಎನ್ನುವುದು, ಅದರ ಅಳತೆ ಆಂಪಿಯರ್. ಅದನ್ನು ತಳ್ಳುವ ಒತ್ತಡ ವೋಲ್ಟೇಜ್, ಅಳತೆ ವೋಲ್ಟ್. ಹರಿವಿಗೆ ಬರುವ ಅಡ್ಡಿ ರೋಧ, ಅಳತೆ ಓಮ್. ಸೆಕೆಂಡಿಗೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎನ್ನುವುದು ಪವರ್, ಅಳತೆ ವ್ಯಾಟ್.

ರೋಧ = ವೋಲ್ಟೇಜ್ ÷ ಕರೆಂಟ್
ಪವರ್ = ವೋಲ್ಟೇಜ್ × ಕರೆಂಟ್

ಮೊದಲನೆಯದನ್ನು 1827ರಲ್ಲಿ ಪ್ರಕಟಿಸಿದವರು ಜರ್ಮನಿಯ ಗೇಯಾರ್ಗ್ ಓಮ್. ಅವರೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರೇ.

ಹಂತ 1: ಬ್ಯಾಟರಿಯಲ್ಲಿ ಕೈ ಪಳಗಿಸಿ

12 ವೋಲ್ಟಿನ ಬೈಕ್ ಬ್ಯಾಟರಿಗೆ ಒಂದು ಹೆಡ್‌ಲೈಟ್ ಬಲ್ಬ್ ಜೋಡಿಸಿ. ಮಲ್ಟಿಮೀಟರಿನ (ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ಅಳೆಯುವ ಮೀಟರ್) ಎರಡು ಕಡ್ಡಿಗಳನ್ನು ಉರಿಯುತ್ತಿರುವ ಬಲ್ಬಿನ ಎರಡು ತುದಿಗೆ ಮುಟ್ಟಿಸಿದರೆ ವೋಲ್ಟೇಜ್ ಸಿಗುತ್ತದೆ. ಕರೆಂಟ್ ಅಳೆಯುವ ರೀತಿ ಬೇರೆ. ಒಂದು ಕಡೆ ತಂತಿ ಬಿಡಿಸಿ, ಆ ಜಾಗದಲ್ಲಿ ಮೀಟರನ್ನೇ ಸೇರಿಸಬೇಕು. ಕೆಂಪು ವೈರನ್ನು '10 ಎ' ಎಂದಿರುವ ತೂತಿಗೆ ಹಾಕಿ. ಅಳೆದಾದ ಮೇಲೆ ಅದನ್ನು ವೋಲ್ಟ್ ತೂತಿಗೆ ವಾಪಸ್ ಹಾಕುವುದನ್ನು ಮರೆಯಲೇಬೇಡಿ. ಹಾಗೇ ಬಿಟ್ಟು ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿದರೆ ಅದು ಶಾರ್ಟ್ ಮಾಡಿದಂತೆ.

ಹಂತ 2: ಲೆಕ್ಕ

12 ವೋಲ್ಟ್, 3 ಆಂಪಿಯರ್ ಬಂತು ಅಂದುಕೊಳ್ಳಿ. 12 ÷ 3 = 4 ಓಮ್. 12 × 3 = 36 ವ್ಯಾಟ್. ಬಲ್ಬಿನ ಮೇಲೆ 35 ವ್ಯಾಟ್ ಎಂದಿದ್ದರೆ ಅಳತೆ ಸರಿಯಾಗಿದೆ. ಮೀಟರ್ ಮಿಲಿಆಂಪಿಯರ್ ತೋರಿಸಿದರೆ ಮೊದಲು 1000ದಿಂದ ಭಾಗಿಸಿ. ಜಾಸ್ತಿ ತಪ್ಪಾಗುವುದು ಇಲ್ಲೇ.

ಈಗ ಬಲ್ಬನ್ನು ಬಿಚ್ಚಿ ಮೀಟರಿನ ಓಮ್ ಗುರುತಿನಲ್ಲಿ ಅಳೆಯಿರಿ. 4 ಬರುವುದಿಲ್ಲ, ಅದರ ಹತ್ತನೇ ಒಂದು ಭಾಗದ ಆಸುಪಾಸು ಬರುತ್ತದೆ! ಮೀಟರ್ ಕೆಟ್ಟಿಲ್ಲ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಕಾದಂತೆಲ್ಲ ಅದರ ರೋಧ ಏರುತ್ತದೆ. ಉರಿಯುವಾಗಿನ ನಿಜವಾದ ರೋಧ ಬೇಕಿದ್ದರೆ ಭಾಗಾಕಾರವೇ ದಾರಿ.

ಹಂತ 3: ಮನೆಯ ವಿದ್ಯುತ್ತು

ಇಲ್ಲಿ ಮೀಟರ್ ಹಿಡಿದು ಪ್ರಯೋಗ ಬೇಡ, ಜೀವಕ್ಕೆ ಅಪಾಯ. ಲೇಬಲ್ ಓದಿ. ನಮ್ಮ ಕಾಯಿಲ್ ಮೇಲೆ 1500 ವ್ಯಾಟ್, 230 ವೋಲ್ಟ್ ಎಂದಿದೆ. ಗುಣಾಕಾರವನ್ನು ತಿರುಗಿಸಿ: 1500 ÷ 230 = ಸುಮಾರು 6.5 ಆಂಪಿಯರ್. ಅದು ಇಷ್ಟು ದಿನ ಇದ್ದದ್ದು 6 ಆಂಪಿಯರಿನ ಸಣ್ಣ ಸಾಕೆಟ್ಟಿನಲ್ಲಿ! ಅಳೆದೇ ನೋಡಬೇಕಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ತಂತಿಯನ್ನು ಬಿಡಿಸದೆ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇರುತ್ತದೆ. ಅದರ ಕೊಂಡಿಯೊಳಗೆ ಒಂದೇ ತಂತಿ ಇರಬೇಕು. ಎರಡನ್ನೂ ಹಿಡಿದರೆ ಹೋಗುವುದು, ಬರುವುದು ಸರಿಹೋಗಿ ಸೊನ್ನೆ ತೋರಿಸುತ್ತದೆ.

ಕಾಯಿಲ್‌ನ ರೋಧ 230 ÷ 6.5, ಅಂದರೆ ಸುಮಾರು 35 ಓಮ್. ಬಲ್ಬಿನಷ್ಟು ಇದು ಏರಿಳಿಯುವುದಿಲ್ಲ. ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳೆಲ್ಲ ಶುರುವಾಗಿ ವೋಲ್ಟೇಜ್ 180ಕ್ಕೆ ಇಳಿದರೆ ಏನಾಗುತ್ತದೆ ನೋಡಿ. ಕರೆಂಟ್ 5.1 ಆಂಪಿಯರ್, ಪವರ್ ಸುಮಾರು 920 ವ್ಯಾಟ್. ವೋಲ್ಟೇಜ್ ಇಳಿದದ್ದು ಕಾಲು ಭಾಗಕ್ಕಿಂತ ಕಡಿಮೆ, ಪವರ್ ಮಾತ್ರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. 20 ನಿಮಿಷಕ್ಕೆ ಕಾಯುತ್ತಿದ್ದ ಬಕೆಟ್ ನೀರಿಗೆ ಈಗ ಅರ್ಧ ಗಂಟೆಗೂ ಮೇಲೆ ಬೇಕು.

ಫ್ಯಾನ್, ಫ್ರಿಜ್, ಪಂಪಿಗೆ ಈ ಗುಣಾಕಾರ ನೇರವಾಗಿ ಒಗ್ಗುವುದಿಲ್ಲ. ಮೋಟಾರು ಇರುವ ಕಡೆ ವೋಲ್ಟ್ × ಆಂಪಿಯರ್ ನಿಜವಾದ ವ್ಯಾಟಿಗಿಂತ ಹೆಚ್ಚು ಬರುತ್ತದೆ. ಯುಪಿಎಸ್ ಮೇಲೆ ವ್ಯಾಟ್ ಬದಲು 'ವಿಎ' (ವೋಲ್ಟ್-ಆಂಪಿಯರ್) ಎಂದು ಬರೆಯುವುದು ಅದಕ್ಕೇ.

ಹಂತ 4: ಸುಟ್ಟ ಪಿನ್ನಿನ ಲೆಕ್ಕ

ಸೂತ್ರದಲ್ಲಿ ಹಾಕುವ ವೋಲ್ಟೇಜ್ ನೀವು ನೋಡುತ್ತಿರುವ ಆ ಭಾಗದ ಎರಡು ತುದಿಗಳ ನಡುವಿನದ್ದಾಗಿರಬೇಕು. ಪಿನ್ನಿಗೆ 230 ಹಾಕಿದರೆ ಲೆಕ್ಕ ತಪ್ಪುತ್ತದೆ. ಗಟ್ಟಿಯಾಗಿ ಕೂತ ಪಿನ್ನಿಗೆ ರೋಧ ಇಲ್ಲವೆನ್ನುವಷ್ಟು ಕಡಿಮೆ. ಸಡಿಲವಾಗಿ, ಕಿಲುಬು ಹಿಡಿದರೆ ಅರ್ಧ ಓಮ್ ಆಯಿತು ಅನ್ನಿ. ಆಗ ಅಲ್ಲಿ ಕಳೆದುಹೋಗುವ ವೋಲ್ಟೇಜ್ 6.5 × 0.5 = 3.25. ಅಷ್ಟೇನಾ ಅನ್ನಿಸುತ್ತದೆ, ಅಲ್ವಾ? ಪವರ್ ನೋಡಿ: 3.25 × 6.5, ಸುಮಾರು 21 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಹೆಚ್ಚುಕಡಿಮೆ ಅಷ್ಟೇ ಬಿಸಿ ನಮ್ಮ ಪ್ಲಗ್ಗಿನೊಳಗೆ ಕಡಲೆಕಾಳಿನಷ್ಟು ಜಾಗದಲ್ಲಿ ದಿನಾ ಬೆಳಿಗ್ಗೆ ಹುಟ್ಟುತ್ತಿತ್ತು. ಗಟ್ಟಿಯಾಗಿ ಕೂತಿದ್ದ ಪಕ್ಕದ ಪಿನ್ನು ಅದಕ್ಕೇ ಉಳಿಯಿತು.

16 ಆಂಪಿಯರಿನ ಪ್ಲಗ್, ಸಾಕೆಟ್ ಎರಡನ್ನೂ ಹೊಸದಾಗಿ ಹಾಕಿಸಿದೆವು. ಈಗ ನೀರು ಕಾದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗಿನ ಮೈ ಮುಟ್ಟಿ ನೋಡುವುದು ಮನೆಯವರಿಗೆಲ್ಲ ರೂಢಿಯಾಗಿದೆ. ತಣ್ಣಗೇ ಇರುತ್ತದೆ.