ಅಮೆರಿಕದಲ್ಲಿ ಡಾಕ್ಟರ್ ಚೀಟಿ ಕೈಗೆ ಕೊಡೋದಿಲ್ಲ, ಹಾಗಾದ್ರೆ ಮಾತ್ರೆ ತಗೊಳ್ಳೋದು ಹೇಗೆ?

ಊರಿಂದ ಬಂದ ಅಪ್ಪನನ್ನ ನ್ಯೂಯಾರ್ಕ್‌ನಲ್ಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೊರಗೆ ಬಂದ ತಕ್ಷಣ ಅವರು ಕೇಳಿದ್ದು, "ಚೀಟಿ ಎಲ್ಲೋ?" ಚೀಟಿ ಇಲ್ಲ. ಈ ರಾಜ್ಯದಲ್ಲಿ 2016ರ ಮಾರ್ಚ್ 27ರಿಂದ ಡಾಕ್ಟರು ಮಾತ್ರೆಯ ವಿವರವನ್ನ ಕಂಪ್ಯೂಟರ್‌ನಿಂದಲೇ ನೇರ ಫಾರ್ಮಸಿಗೆ ಕಳಿಸಬೇಕು. ನೋವಿನ ಮಾತ್ರೆಗಳ ದುರ್ಬಳಕೆ ತಡೆಯೋಕೆ 2012ರಲ್ಲಿ ಮಾಡಿದ ಐ-ಸ್ಟಾಪ್ ಕಾನೂನಿನಿಂದ ಬಂದ ನಿಯಮ ಇದು, ಆದರೆ ಬಿಪಿ ಮಾತ್ರೆಗೂ ಅನ್ವಯಿಸುತ್ತೆ. ಕ್ಯಾಲಿಫೋರ್ನಿಯಾದಲ್ಲೂ 2022ರಿಂದ ಹೀಗೇ.

ಹಾಗಾಗಿ ಅಂಗಡಿ ಯಾವುದು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ. ಚೀಟಿ ಹಿಡಿದು ನಾಲ್ಕು ಕಡೆ ರೇಟ್ ಕೇಳೋ ನಮ್ಮ ಅಭ್ಯಾಸ ಇಲ್ಲಿ ನಡೆಯಲ್ಲ, ಫೋನ್ ಮಾಡಿ ಮೊದಲೇ ಕೇಳಬೇಕು. ಕ್ಲಿನಿಕ್ ಕೌಂಟರ್‌ನಲ್ಲಿ ಅಂಗಡಿ ಹೆಸರಷ್ಟೇ ಹೇಳಬೇಡಿ, ರಸ್ತೆ, ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರ) ಎರಡೂ ಹೇಳಿ. ನಾನು ಸುಮ್ನೆ ಹೆಸರು ಹೇಳಿ ಬಂದೆ, ಮಾತ್ರೆ ಅದೇ ಕಂಪನಿಯ ಇನ್ಯಾವುದೋ ಬ್ರಾಂಚ್‌ಗೆ ಹೋಗಿತ್ತು, ನಾವು ಮನೆ ಹತ್ತಿರದ ಬ್ರಾಂಚ್‌ನಲ್ಲಿ ಮುಕ್ಕಾಲು ಗಂಟೆ ಕಾದೆವು.

ಆಮೇಲೆ ಹೆಸರಿನ ಕಥೆ. ನಮ್ಮವರ ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದಿರುತ್ತೆ, ಇನ್ನೊಂದು ಕಡೆ ಇರೋದೇ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಕ್ಲಿನಿಕ್, ಫಾರ್ಮಸಿ ಎರಡೂ ಕಡೆ ಬರೆಸಿ. ಹುಟ್ಟಿದ ದಿನಾಂಕದಲ್ಲಿ ಇಲ್ಲಿ ತಿಂಗಳು ಮೊದಲು ಬರುತ್ತೆ, ಆಗಸ್ಟ್ 5 ಹೇಳೋಕೆ ಹೋಗಿ 5/8 ಅಂತ ಬರೆದರೆ ಮೇ 8 ಆಗಿಬಿಡುತ್ತೆ, ಫಾರ್ಮಸಿಯವರು ಹುಡುಕಿ "ಯಾರೂ ಇಲ್ಲ" ಅಂತಾರೆ.

ತಪ್ಪು ಅಂಗಡಿಗೆ ಹೋಗಿದ್ರೆ ಕ್ಲಿನಿಕ್‌ಗೆ ಫೋನ್ ಮಾಡಿ, ಹಳೆಯದನ್ನ ಕ್ಯಾನ್ಸಲ್ ಮಾಡಿ ಹೊಸದಾಗಿ ಕಳಿಸಿ ಅನ್ನಿ. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಮಾತ್ರೆ ಕೊಟ್ಟಿಲ್ಲ ಅಂದ್ರೆ, ನೀವು ಕೇಳಿದ ಬೇರೆ ಅಂಗಡಿಗೆ ಆ ಮೊದಲ ಅಂಗಡಿಯವರೇ ಕಳಿಸಬೇಕು ಅಂತ ಕಾನೂನಿದೆ.

ಕರೆಂಟೋ ನೆಟ್ಟೋ ಹೋದಾಗ ನ್ಯೂಯಾರ್ಕ್‌ನಲ್ಲಿ ಕಾಗದದ ಚೀಟಿಗೂ ಅವಕಾಶ ಉಂಟು. ತಡವಾದರೆ ರೋಗಿಗೆ ತೊಂದರೆ ಅನ್ನೋ ಸಂದರ್ಭದಲ್ಲೂ ಕೊಡಬಹುದು, ಆದರೆ ದುರ್ಬಳಕೆಯ ಭಯ ಇರೋ ನಿಯಂತ್ರಿತ ಔಷಧಿ ಆದರೆ ಐದು ದಿನಕ್ಕಿಂತ ಜಾಸ್ತಿ ಮಾತ್ರೆ ಇಲ್ಲ.

ಹೊರಡುವಾಗ ಮಾತ್ರೆ ಹೆಸರು, ಡೋಸ್ ಇರೋ ಪ್ರಿಂಟ್ ಕೇಳಿ ಇಸ್ಕೊಳ್ಳಿ. ಅದನ್ನ ತೋರಿಸಿದರೆ ಅಂಗಡಿಯವರು ಮಾತ್ರೆ ಕೊಡಲ್ಲ, ಆದರೂ ಬಾಟಲಿ ಲೇಬಲ್ ಜೊತೆ ಹೋಲಿಸಿ ನೋಡೋಕೆ ಬೇಕು, ಅಪ್ಪನ ಸಮಾಧಾನಕ್ಕೂ ಆಯ್ತು.