ಪಿಯಾನೊ ಕಲಿಯುವ ಮಗುವಿನ ಪಕ್ಕ ಕೂರುವವರಿಗೆ

ನನಗೆ ಸಂಗೀತ ಬರಲ್ಲ. ಬರಲೇಬೇಕು ಅಂತೇನೂ ಇಲ್ಲ. ಪಿಯಾನೊಗೆ 88 ಕೀಗಳು. ಶುರುವಿಗೆ 61 ಕೀಗಳ ಕೀಬೋರ್ಡ್ ಸಾಕು. ಆದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವಂಥದ್ದೇ ತಗೊಳ್ಳಿ. ಮಗಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅಡುಗೆಮನೆಯ ಮಣೆ ಇಟ್ಟೆ, ಬೆನ್ನು ತಾನೇ ನೆಟ್ಟಗಾಯಿತು. ಪುಸ್ತಕದಲ್ಲಿ ಸ್ವರದ ಮೇಲಿನ 1 ಅಂದರೆ ಹೆಬ್ಬೆರಳು, 5 ಕಿರುಬೆರಳು. ಎರಡೂ ಕೈಗೆ ಹಾಗೇ. ಇಷ್ಟು ಗೊತ್ತಿದ್ದರೆ ನೀವೂ ನೋಡಿ ಹೇಳಬಹುದು. ತಪ್ಪುವ ಜಾಗವನ್ನಷ್ಟೇ ಒಂದೊಂದೇ ಕೈಯಲ್ಲಿ, ನಿಧಾನಕ್ಕೆ ನುಡಿಸಲಿ. ಸುಮ್ನೆ ಮೊದಲಿಂದ ನುಡಿಸಿದರೆ ಬರೋದೇ ಮತ್ತೆ ಬರುತ್ತೆ, ಅಲ್ವಾ?

ನಮ್ಮ ಚಿಕ್ಕಮಗಳೂರಿನ ಜುಲೈ ಮಳೆಗೆ ಗೋಡೆಯೂ ಒದ್ದೆ. ಕೀಬೋರ್ಡ್ ಗೋಡೆಗೆ ತಾಗಿಸಬೇಡಿ. ಮರದ ಪಿಯಾನೊ ಆದರೆ ತೇವಕ್ಕೆ ಶ್ರುತಿಯೂ ಕೆಡುತ್ತದೆ. ನೆಂಟರೆದುರು "ಒಂದು ನುಡಿಸು ಪುಟ್ಟಿ" ಅನ್ನೋದು ಮಾತ್ರ ಬೇಡ.